ತೋಪಿನಲ್ಲಿ ಕುಳಿತ ಆಟಗಾರ

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ 2018ರಿಂದ ಕಾಲೇಜು ಬಿಡಬಯಸುವ ಆಟಗಾರರ ಪಟ್ಟಿಯೊಂದು ತೆರೆದಿದೆ. 2024ರ ಏಪ್ರಿಲ್‌ನಿಂದಂತೂ, ಓದಿನಲ್ಲಿ ಹಿಂದೆ ಬೀಳದಿದ್ದರೆ ಸಾಕು, ಎಷ್ಟು ಸಲ ಕಾಲೇಜು ಬದಲಿಸಿದರೂ ವರ್ಷ ಕಾಯದೆ ಅಂಗಳಕ್ಕಿಳಿಯಬಹುದು. ಹೈಸ್ಕೂಲು ಹುಡುಗನನ್ನು ಆರಿಸಿ ನಾಲ್ಕು ವರ್ಷ ತಿದ್ದುವ ಕೋಚು ಹಳೆಗಾಲದವನಾದ. ನಮ್ಮಲ್ಲಿ ಅಂಥ ಪಟ್ಟಿ ಇಲ್ಲ. ಸ್ಪೋರ್ಟ್ಸ್ ಕೋಟಾ, ಫೀಸು ಮಾಫಿ, ಹಾಸ್ಟೆಲ್ ಊಟ ಅದೇ ಕೆಲಸ ಮಾಡುತ್ತವೆ. ಸೇಡಂ, ಚಿತ್ತಾಪುರದ ಕಡೆ ಹೊರಗಿನ ಆಟಗಾರರನ್ನು ಸೆಳೆಯುವ ಈ ಮಾತು ಎದ್ದಾಗಲೆಲ್ಲ ಯಾರಾದರೊಬ್ಬರು ಮಳಖೇಡವನ್ನು ಸಾಕ್ಷಿಗೆ ಎಳೆದು ತರುತ್ತಾರೆ: ರಾಷ್ಟ್ರಕೂಟರೂ ಹೊರಗಿನವರನ್ನು ಕರೆಸಿಕೊಂಡೇ ಅಲ್ಲವೇ ಆಸ್ಥಾನ ಕಟ್ಟಿದ್ದು?

ಸಾಕ್ಷಿ ಸರಿ, ಓದಿದ್ದು ತಪ್ಪು.

ಮಾನ್ಯಖೇಟದಲ್ಲಿ, ಅಂದರೆ ಇಂದಿನ ಮಳಖೇಡದಲ್ಲಿ, ತಾನೇ ಬೆಳೆಸುವುದು, ಹೊರಗಿನಿಂದ ತರುವುದು ಎರಡೂ ಪದ್ಧತಿ ಇದ್ದವು. ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದ ಸೇನಗಣ ಎಂಬ ಜೈನ ಮುನಿಪರಂಪರೆಯನ್ನು ನೋಡಿ. ವೀರಸೇನ ಅರ್ಧಕ್ಕೆ ಬಿಟ್ಟ ಜಯಧವಳಾ ಟೀಕೆಯನ್ನು ಶಿಷ್ಯ ಜಿನಸೇನ 837ರಲ್ಲಿ ಮುಗಿಸಿದ; ಜಿನಸೇನನ ಆದಿಪುರಾಣ ನಿಂತಲ್ಲಿಂದ ಅವನ ಶಿಷ್ಯ ಗುಣಭದ್ರ ಮುಂದುವರಿಸಿದ. ಒಬ್ಬ ದಣಿದರೆ ಬೆಂಚಿನಿಂದ ಇನ್ನೊಬ್ಬ ಎದ್ದು ಬರುತ್ತಿದ್ದ. ಇದಕ್ಕೆ ಸಲ್ಲಬೇಕಾದ ಮೆಚ್ಚುಗೆ ಸಂದಿದೆ, ಇನ್ನೂ ಸಲ್ಲಲಿ. ನನ್ನ ತಕರಾರು ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಕೀರ್ತಿಯ ಮೇಲೆ. ವೆಂಗಿ ಮೂಲದ ಪೊನ್ನನಿಗೆ ‘ಉಭಯಕವಿ ಚಕ್ರವರ್ತಿ’ ಬಿರುದು ಕೊಟ್ಟ ದೊರೆ ಇವನು. ಬಿರುದು ಬೇರೆ, ಸಾಕುವುದು ಬೇರೆ. ಇದೇ ದೊರೆಯನ್ನು ‘ಕವಿರಹಸ್ಯ’ದಲ್ಲಿ ಹೊಗಳಿದ ಹಲಾಯುಧ, ಮುಂದೆ ಪರಮಾರ ಮುಂಜನ ಆಶ್ರಯದಲ್ಲಿ ಕಾಣಿಸುವ ಹಲಾಯುಧ ಇಬ್ಬರೂ ಒಬ್ಬನೇ ಎಂಬುದು ವಿದ್ವಾಂಸರ ಸಾಮಾನ್ಯ ಮತ. ಮಾನ್ಯಖೇಟವನ್ನು ಸೂರೆ ಮಾಡಿದ ಸೀಯಕನ ಗಾದಿಗೆ ಬಂದವನು ಈ ಮುಂಜ! ವರ್ಗಾವಣೆಯನ್ನು ಶಪಿಸುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಆದರೆ ಪುಷ್ಪದಂತ?

ಅಪಭ್ರಂಶದ ಈ ಮಹಾಕವಿ ತನ್ನ ಮಹಾಪುರಾಣದ ಆರಂಭದಲ್ಲೇ ತಾನು ಬಂದ ಬಗೆಯನ್ನು ಹೇಳಿಕೊಂಡಿದ್ದಾನೆ. ಹಿಂದೆ ಇನ್ನೊಬ್ಬ ರಾಜನನ್ನು ಹೊಗಳಿ ಮನಸ್ಸು ಮುರಿದುಕೊಂಡವನು. ದೂರದಾರಿ ನಡೆದು ದಣಿದು ಮಾನ್ಯಖೇಟದ ಹೊರಗಿನ ತೋಪಿನಲ್ಲಿ ಕೂತಿದ್ದಾನೆ, ಒಳಗೆ ಹೋಗಲೊಲ್ಲ. ಇಬ್ಬರು ಬಂದು ಯಾಕೆಂದು ಕೇಳುತ್ತಾರೆ. ದುಷ್ಟರ ಗಂಟಿಕ್ಕಿದ ಹುಬ್ಬು ನೋಡುವುದಕ್ಕಿಂತ ಬೆಟ್ಟದ ಗೆಡ್ಡೆಗೆಣಸು ತಿಂದು ಬದುಕುವುದು ಲೇಸು ಎಂಬ ಧಾಟಿಯಲ್ಲಿ ಉತ್ತರಿಸುತ್ತಾನೆ. ಆಗ ಅವರು ರಾಜನ ಹೆಸರೆತ್ತುವುದಿಲ್ಲ, ಅವನ ಮಂತ್ರಿ ಭರತನ ಮನೆ ತೋರಿಸುತ್ತಾರೆ. ಇದನ್ನು ಗಮನಿಸಬೇಕು. ಊರಿನವರಿಗೆ ಗೊತ್ತಿತ್ತು, ಇಂಥವನು ಯಾರ ಕೈಯಲ್ಲಿ ಉಳಿದಾನು ಎಂದು. ಭರತ ಆ ದಿನವೇ ಕಾವ್ಯ ಕೇಳಲಿಲ್ಲ. ಕವಿ ಮಿಂದು, ಉಂಡು, ಕೆಲವು ದಿನ ಕಳೆದ ಮೇಲೆ ಭರತ ಮಾತೆತ್ತಿದ. 959ರಲ್ಲಿ ಬರವಣಿಗೆ ಶುರುವಾಯಿತು.

ಇನ್ನೂ ದೊಡ್ಡ ಗಳಿಗೆ ನಡುವೆ ಬರುತ್ತದೆ. ಮಹಾಪುರಾಣದೊಳಗಿನ ಆದಿಪುರಾಣದ ಭಾಗ ಮುಗಿದದ್ದೇ ಕವಿಗೆ ಬೇಸರ ಹಿಡಿಯಿತು, ಲೇಖನಿ ನಿಂತಿತು. ಋತು ಅರ್ಧಕ್ಕೆ ಬಂದಾಗ ಆಟ ಕೈಕೊಟ್ಟ ಆಟಗಾರ ಅನ್ನಿ. ಭರತ ಗದರಿಸಲಿಲ್ಲ, ಇನ್ನೊಬ್ಬನನ್ನು ತರಿಸುವ ಬೆದರಿಕೆ ಹಾಕಲಿಲ್ಲ. ನನ್ನಿಂದೇನಾದರೂ ತಪ್ಪಾಯಿತೇ ಎಂದು ಕೇಳಿದ. ಹಣ ತನಗೆ ಹುಲ್ಲಿಗೆ ಸಮ, ನಿಷ್ಕಾರಣವಾದ ಸ್ನೇಹವಷ್ಟೇ ಬೇಕು ಎಂದು ಹೇಳಿ ಪುಷ್ಪದಂತ ಮತ್ತೆ ಕೂತ. 965ರ ಹೊತ್ತಿಗೆ 102 ಸಂಧಿಗಳು ಪೂರ್ತಿಯಾದವು. ಕವಿ ತನ್ನನ್ನು ತಾನೇ ಸ್ವಾಭಿಮಾನಿ ಎಂದು ತೋರಿಸಿಕೊಳ್ಳಲು ಈ ಪ್ರಸಂಗವನ್ನು ಒಂದಿಷ್ಟು ಉಬ್ಬಿಸಿರಬಹುದು. ಉಬ್ಬಿಸುವಾಗಲೂ ತನ್ನನ್ನು ಹಿಡಿದಿಟ್ಟದ್ದು ಯಾವುದೆಂದು ಅವನಿಗೆ ಸ್ಪಷ್ಟವಿತ್ತು.

ಇಲ್ಲಿ ನಮ್ಮ ಸಾಹಿತ್ಯಚರಿತ್ರೆಗಾರರ ಜೊತೆ ಒಂದು ಜಗಳ ಆಡದೆ ವಿಧಿಯಿಲ್ಲ. ಮಾನ್ಯಖೇಟದಲ್ಲೇ ಬರೆದ ಈ ಗ್ರಂಥವನ್ನು ಸಂಪಾದಿಸಲು ಪಿ. ಎಲ್. ವೈದ್ಯರು ಬೇಕಾಯಿತು, ಕವಿಯ ಚರಿತ್ರೆ ಕೆದಕಲು ಹಿಂದಿಯ ನಾಥೂರಾಮ ಪ್ರೇಮಿಯವರು ಬೇಕಾಯಿತು. ಕನ್ನಡದ ನಾವು ‘ಇದೇ ಕಾಲದಲ್ಲಿ ಪುಷ್ಪದಂತನೂ ಇದ್ದನು’ ಎಂಬಷ್ಟರಲ್ಲೇ ಮುಗಿಸುತ್ತೇವೆ. ಅವನ ಭಾಷೆ ಕನ್ನಡವಲ್ಲ ಎಂಬುದು ಕಾರಣವಾದರೆ, ಸಂಸ್ಕೃತದಲ್ಲಿ ಬರೆದ ಜಿನಸೇನನಿಗೆ ಆ ನಿಯಮ ಯಾಕಿಲ್ಲ? ಹೊರಗಿನವನೆಂಬುದು ಕಾರಣವಾದರೆ, ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371(ಜೆ)ಯ ಪ್ರಮಾಣಪತ್ರ ಸತ್ತ ಕವಿಗಳಿಗೂ ಬೇಕೆಂದು ಯಾರೂ ಹೇಳಿಲ್ಲವಲ್ಲ. ಆಸ್ಥಾನದ ರತ್ನಗಳನ್ನು ಎಣಿಸುವವರಂತೂ ಭರತನನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಂಕ ಗಳಿಸಿದವರ ಹೆಸರು ಬರೆದು ತಂಡ ಹಿಡಿದಿಟ್ಟ ಕೋಚನ್ನು ಬಿಟ್ಟಂತೆ.

ಹಾಗಾಗಿ ಹೊರಗಿನಿಂದ ತರಬೇಡಿ ಎಂದು ನಾನು ಹೇಳಲಾರೆ. ತಂದವನನ್ನು ಸೋತ ಮರುದಿನ ಯಾರು ಮಾತಾಡಿಸುತ್ತಾರೆ ಎಂಬುದಷ್ಟೇ ನನ್ನ ಪ್ರಶ್ನೆ. ಟೂರ್ನಮೆಂಟಿಗೆ ಮೊದಲು ಟಿ.ಸಿ. ತರಿಸಿ, ಮುಗಿದ ಮೇಲೆ ಹಾಸ್ಟೆಲ್ ಕೋಣೆ ಖಾಲಿ ಮಾಡಿಸುವ ಕಾಲೇಜು ಮಳಖೇಡದ ಹೆಸರು ಹೇಳುವಂತಿಲ್ಲ.

972ರಲ್ಲಿ ಪರಮಾರರು ಮಾನ್ಯಖೇಟವನ್ನು ಲೂಟಿ ಮಾಡಿದರು. ಇನ್ನು ಪುಷ್ಪದಂತ ಎಲ್ಲಿ ಇರಬೇಕು ಎಂದು ಕವಿ ಒಂದು ಪದ್ಯದಲ್ಲಿ ಗೋಳಾಡಿದ. ಆದರೂ ಹೋಗಲಿಲ್ಲ. ಭರತನ ಮಗ ‘ನನ್ನ’ ಎಂಬವನ ಆಶ್ರಯದಲ್ಲಿದ್ದುಕೊಂಡು ಆ ಹಾಳು ದಿನಗಳಲ್ಲೇ ‘ಜಸಹರಚರಿಉ’ ಕಾವ್ಯ ಬರೆದ.