ಮೊದಲು ನೆಗೆಟಿವ್ ಅಳೆಯಿರಿ, ಎನ್‌ಲಾರ್ಜರ್ ಆಮೇಲೆ

ಎನ್‌ಲಾರ್ಜರ್ ಕೊಳ್ಳಬೇಕೆಂದು ಬರುವವರು ಮೊದಲು ಕೇಳುವುದು ಕಂಪನಿಯ ಹೆಸರು. ಡರ್ಸ್ಟ್ ತಗೊಳ್ಳಲೋ, ಮೆಯೋಪ್ಟಾ ತಗೊಳ್ಳಲೋ? ನಾನು ಅವರನ್ನು ತಿರುಗಿ ಕೇಳುವ ಪ್ರಶ್ನೆ ಒಂದೇ: ನಿಮ್ಮಲ್ಲಿರುವ ನೆಗೆಟಿವ್‌ಗಳ ಅಳತೆ ಎಷ್ಟು? ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಅಟ್ಟದ ಮೇಲಿನ ಡಬ್ಬ ಇಳಿಸಿ, ಒಂದೊಂದನ್ನೂ ಅಂಚಿನಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ನೋಡಿ, ಸ್ಕೇಲ್ ಇಟ್ಟು ಅಳೆದು ಬರೆದುಕೊಂಡು ಬನ್ನಿ ಎನ್ನುತ್ತೇನೆ. ಆ ಚೀಟಿ ಕೈಗೆ ಬಂದರೆ ಅರ್ಧ ಆಯ್ಕೆ ಮುಗಿದಂತೆ.

ಗೌರಿಬಿದನೂರು, ತೊಂಡೇಭಾವಿ, ಮಂಚೇನಹಳ್ಳಿ ಕಡೆಯ ಮನೆಗಳಿಂದ ಬರುವ ಡಬ್ಬಗಳಲ್ಲಿ ನಾನು ಹೆಚ್ಚಾಗಿ ಕಂಡಿರುವುದು 120 ರೋಲ್‌ನ ಚೌಕ ನೆಗೆಟಿವ್. ಹೆಸರಿಗೆ 6×6 ಸೆಂಟಿಮೀಟರ್. ಚಿತ್ರದ ನಿಜವಾದ ಅಳತೆ ಸುಮಾರು 56 ಮಿಲಿಮೀಟರ್. ರೋಲಿಗೆ ಹನ್ನೆರಡು ಚಿತ್ರ. ಸ್ಟುಡಿಯೋದವರ ಬಳಿ ಯಾಶಿಕಾದಂಥ ಎರಡು ಕಣ್ಣಿನ ಕ್ಯಾಮೆರಾ ಇರುತ್ತಿತ್ತು. ಮನೆಗಳಲ್ಲಿ ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3. ಎರಡರಲ್ಲೂ ಹಾಕುತ್ತಿದ್ದುದು ಅದೇ ರೋಲ್. ಆಮೇಲೆ ಬಂದದ್ದು 35 ಎಂಎಂ, 24×36 ಮಿಲಿಮೀಟರ್. ಇವೆರಡಕ್ಕೂ ಮುಂಚಿನ ಕಾಲದವು ಹಾಫ್ ಪ್ಲೇಟ್ ಎಂಬ ಗಾಜಿನ ನೆಗೆಟಿವ್‌ಗಳು, 4¾×6½ ಇಂಚು. ಆಲಪ್ಪುಳದ ವಾಗೀಶ್ವರಿಯಂಥ ಮರದ ಸ್ಟ್ಯಾಂಡ್ ಕ್ಯಾಮೆರಾಗಳಲ್ಲಿ, ಕಪ್ಪು ಬಟ್ಟೆ ಹೊದ್ದು ತೆಗೆದ ಶಾಲೆಯ ಗ್ರೂಪ್ ಫೋಟೋಗಳು. ಅವುಗಳ ವಿಷಯ ಕೊನೆಗೆ ಹೇಳುತ್ತೇನೆ.

35 ಎಂಎಂ ಒಂದಕ್ಕೇ ಆಗುವ ಯಂತ್ರ ಅಗ್ಗಕ್ಕೆ ಸಿಗುತ್ತದೆ, ಚಿಕ್ಕದು, ಮೇಜಿನ ಮೂಲೆಯಲ್ಲಿ ಹಿಡಿಯುತ್ತದೆ. ಆದರೂ ನಮ್ಮ ಕಡೆಯವರಿಗೆ ಅದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ದೊಡ್ಡ ನೆಗೆಟಿವ್ ಹಿಡಿಸುವ ಯಂತ್ರದಲ್ಲಿ ಚಿಕ್ಕದನ್ನು ಪ್ರಿಂಟ್ ಮಾಡಬಹುದು. ಚಿಕ್ಕ ಯಂತ್ರದಲ್ಲಿ ದೊಡ್ಡದು ಕೂರುವುದೇ ಇಲ್ಲ. ಅಜ್ಜ ಅಜ್ಜಿಯ ಮದುವೆ ಇರುವುದು ಆ ಚೌಕ ನೆಗೆಟಿವ್‌ನಲ್ಲಿ.

ಯಂತ್ರದ ದೇಹ 6×6 ಹಿಡಿಸಿದರೆ ಸಾಲದು, ಲೆನ್ಸ್ ಕೂಡ ಅದಕ್ಕೆ ಹೊಂದಬೇಕು. ನೆಗೆಟಿವ್‌ನ ಮೂಲೆಯಿಂದ ಮೂಲೆಗೆ ಇರುವ ಅಳತೆಯೇ ಲೆನ್ಸಿನ ಫೋಕಲ್ ಲೆಂತ್‌ಗೆ ಆಧಾರ. 35 ಎಂಎಂನ ಕರ್ಣ 43 ಮಿಲಿಮೀಟರ್, ಅದಕ್ಕೆ 50ರ ಲೆನ್ಸ್. 6×6ರ ಕರ್ಣ 79, ಅದಕ್ಕೆ 75 ಅಥವಾ 80. 6×9 ಇದ್ದರೆ 105. 50ರ ಲೆನ್ಸನ್ನೇ ಚೌಕ ನೆಗೆಟಿವ್‌ಗೆ ಹಾಕಿದರೆ ನಾಲ್ಕು ಮೂಲೆಗೂ ಬೆಳಕು ಸಾಲದೆ, ಪ್ರಿಂಟಿನಲ್ಲಿ ಮೂಲೆಗಳು ಮಂಕಾಗಿ ಬೆಳ್ಳಗೆ ಉಳಿಯುತ್ತವೆ. 80ರ ಲೆನ್ಸನ್ನು 35 ಎಂಎಂಗೆ ಹಾಕಿದರೆ ಕೆಲಸವೇನೋ ನಡೆಯುತ್ತದೆ, ಆದರೆ ಯಂತ್ರದ ಹೆಡ್ ಏರಿಳಿಯುವ ಕಂಬದ ಎತ್ತರ ಸಾಕಾಗುವುದಿಲ್ಲ. 35 ಎಂಎಂನಿಂದ 8×12 ಇಂಚಿನ ಪ್ರಿಂಟ್ ಎಂದರೆ ಎಂಟೂವರೆ ಪಟ್ಟು ಹಿಗ್ಗಿಸುವುದು. 50ರ ಲೆನ್ಸಿನಲ್ಲಿ ಅದಕ್ಕೆ ನೆಗೆಟಿವ್‌ನಿಂದ ಕಾಗದಕ್ಕೆ ಸುಮಾರು 53 ಸೆಂಟಿಮೀಟರ್ ದೂರ ಸಾಕು. 80ರಲ್ಲಾದರೆ 85 ಸೆಂಟಿಮೀಟರ್ ಬೇಕು. ಆದ್ದರಿಂದ ಎರಡು ಲೆನ್ಸ್ ಇಟ್ಟುಕೊಳ್ಳುವುದು ಶೋಕಿಯಲ್ಲ. ನಿಕಾನ್‌ನ ಎಲ್-ನಿಕ್ಕೋರ್, ಶ್ನೈಡರ್‌ನ ಕೊಂಪೊನಾನ್, ರೋಡೆನ್‌ಸ್ಟಾಕ್‌ನ ರೋಡಗಾನ್ ಈ ಮೂರರಲ್ಲಿ ಯಾವುದು ಸಿಕ್ಕರೂ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ಕೊಳ್ಳುವ ಮುನ್ನ ಮಾತ್ರ ಕಣ್ಣು ತೆರೆದು, ಟಾರ್ಚ್ ಬಿಟ್ಟು ಒಳಗೆ ಫಂಗಸ್ ಇದೆಯೇ ನೋಡಿ. ಜೇಡರ ಬಲೆಯ ಎಳೆಯಂತೆ ಕಂಡರೆ ಬಿಟ್ಟುಬಿಡಿ.

ಇನ್ನು ಬೆಳಕಿನ ವಿಷಯ. ಇದರ ಬಗ್ಗೆ ಮಾತಾಡುವವರು ಕಡಿಮೆ, ಹಳೆ ನೆಗೆಟಿವ್‌ಗಳಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ನನ್ನ ಲೈಟ್ ಬಾಕ್ಸ್ ಮೇಲೆ ಈಗ ಇರುವುದು ವಿದುರಾಶ್ವತ್ಥದಲ್ಲಿ ತೆಗೆದ ಒಂದು ಚೌಕ ನೆಗೆಟಿವ್. ನಾಗರಕಲ್ಲುಗಳ ಸಾಲಿನ ಮುಂದೆ ಒಂದು ಕುಟುಂಬ ನಿಂತಿದೆ. ಹಿಂದೆ ಅಶ್ವತ್ಥ ಮರದ ಬೊಡ್ಡೆ, ಚೌಕಟ್ಟಿನ ಎಡಭಾಗವನ್ನೆಲ್ಲ ತುಂಬಿಕೊಂಡಿದೆ. ಆ ಹಳೆಯ ಮರ 2001ರಲ್ಲಿ ಬಿದ್ದುಹೋಯಿತು. ಈ ಮನೆಯವರ ಪಾಲಿಗೆ ಅದು ಉಳಿದಿರುವುದು ಈ 56 ಮಿಲಿಮೀಟರಿನಲ್ಲಿ. ಭೂತಗನ್ನಡಿ ಇಟ್ಟು ಓರೆಯಾಗಿ ನೋಡಿದರೆ ಎಮಲ್ಷನ್ ಮೇಲೆ, ಹೆಂಗಸಿನ ಮುಖವಿರುವಷ್ಟು ಜಾಗದಲ್ಲಿ, ಕೂದಲೆಳೆಗಿಂತ ಸಣ್ಣ ಪೆನ್ಸಿಲ್ ಗೀರುಗಳು ಕಾಣುತ್ತವೆ. ಸ್ಟುಡಿಯೋದವರು ಮಾಡಿದ ರಿಟಚಿಂಗ್. ಚೂಪು ಮಾಡಿದ ಸೀಸದಿಂದ ಕಣ್ಣಿನ ಕೆಳಗಿನ ನೆರಳನ್ನು, ಕೆನ್ನೆಯ ಕಲೆಗಳನ್ನು ತುಂಬಿದ್ದಾರೆ. ಜೊತೆಗೆ ಡಬ್ಬದೊಳಗೆ ಒಂದರ ಮೇಲೊಂದು ಉಜ್ಜಿದ ಗೀಚುಗಳೂ ಇವೆ.

ಕಂಡೆನ್ಸರ್ ಇರುವ ಎನ್‌ಲಾರ್ಜರ್‌ನಲ್ಲಿ ದಪ್ಪ ಗಾಜುಗಳು ಬೆಳಕನ್ನು ಒಂದೇ ದಿಕ್ಕಿಗೆ ಕೂಡಿಸಿ ಕಳಿಸುತ್ತವೆ. ಆ ನೇರ ಬೆಳಕು ನೆಗೆಟಿವ್‌ನ ಬೆಳ್ಳಿಯ ಕಣಗಳಿಗೆ ತಾಗಿ ಚದುರುತ್ತದೆ. ಬೆಳ್ಳಿ ದಟ್ಟವಾಗಿರುವಲ್ಲಿ ಹೆಚ್ಚು, ತೆಳುವಾಗಿರುವಲ್ಲಿ ಕಡಿಮೆ. ಇದಕ್ಕೆ ಕ್ಯಾಲಿಯರ್ ಪರಿಣಾಮ ಎನ್ನುತ್ತಾರೆ. ಫಲವಾಗಿ ಪ್ರಿಂಟಿನ ಕಾಂಟ್ರಾಸ್ಟ್ ಸುಮಾರು ಒಂದು ಗ್ರೇಡ್ ಏರುತ್ತದೆ. ಗೀಚು, ದೂಳು, ಪೆನ್ಸಿಲ್ ಗೀರು ಎಲ್ಲವೂ ಎದ್ದು ಕಾಣುತ್ತವೆ. ಚದುರಿದ ಬೆಳಕಿನ ಹೆಡ್, ಅಂದರೆ ಡಿಫ್ಯೂಷನ್ ಹೆಡ್ ಇದ್ದರೆ ಬೆಳಕು ಎಲ್ಲ ಕಡೆಯಿಂದ ಬಂದು ಗೀಚುಗಳನ್ನು ಬಹುಮಟ್ಟಿಗೆ ಮುಚ್ಚುತ್ತದೆ. ಆ ಹೆಂಗಸಿನ ಮುಖ ಅಂಥ ಬೆಳಕಿನಲ್ಲಿ, ರಿಟಚ್ ಮಾಡಿದವರು ಬಯಸಿದಂತೆಯೇ, ನಯವಾಗಿ ಮೂಡುತ್ತದೆ.

ಹಾಗಾಗಿ ನನ್ನ ಸಲಹೆ ಕೆಲವರಿಗೆ ವಿಚಿತ್ರ ಎನಿಸಬಹುದು: ನೀವು ಮಾಡುವುದು ಕಪ್ಪುಬಿಳುಪು ಪ್ರಿಂಟೇ ಆದರೂ ಕಲರ್ ಹೆಡ್ ಇರುವ ಯಂತ್ರ ಹುಡುಕಿ. ಕಲರ್ ಹೆಡ್‌ಗಳಲ್ಲಿ ಬೆಳಕು ಒಂದು ಬಿಳಿ ಪೆಟ್ಟಿಗೆಯಲ್ಲಿ ಬೆರೆತು, ಚದುರಿ ಬರುತ್ತದೆ. ಹಳದಿ, ಮಜೆಂಟಾ ಫಿಲ್ಟರ್‌ಗಳು ಗುಂಡಿ ತಿರುಗಿಸಿದರೆ ಒಳಗೇ ಬಂದು ಕೂರುತ್ತವೆ. ಇಲ್ಫೋರ್ಡ್ ಕಂಪನಿ 1940ರಲ್ಲಿ ತಂದ ಮಲ್ಟಿಗ್ರೇಡ್ ಕಾಗದದ ಕಾಂಟ್ರಾಸ್ಟ್ ಬದಲಾಗುವುದು ಇಂಥ ಬಣ್ಣಗಳಿಂದಲೇ: ಹಳದಿ ಹೆಚ್ಚಿಸಿದರೆ ಮೆದು, ಮಜೆಂಟಾ ಹೆಚ್ಚಿಸಿದರೆ ಗಡಸು. ಬೇರೆ ಫಿಲ್ಟರ್ ಸೆಟ್ ಕೊಳ್ಳುವ ಖರ್ಚು ಉಳಿಯಿತು. ಕಲರ್ ಹೆಡ್‌ಗೆ ಅದರ ಟ್ರಾನ್ಸ್‌ಫಾರ್ಮರ್ ಜೊತೆಗೇ ಬರಬೇಕು ಎಂಬುದನ್ನು ಮರೆಯಬೇಡಿ. ಅದಿಲ್ಲದ ಹೆಡ್ ಎಷ್ಟು ಅಗ್ಗವಾದರೂ ಕಟ್ಟಿಟ್ಟ ಕಬ್ಬಿಣ. ಹೊಸದಾಗಿ ತೆಗೆದ, ಗೀಚಿಲ್ಲದ, ಸ್ವಲ್ಪ ತೆಳುವಾದ 35 ಎಂಎಂ ನೆಗೆಟಿವ್‌ಗಳಷ್ಟೇ ಇದ್ದವರಿಗೆ ಕಂಡೆನ್ಸರ್‌ನ ಚುರುಕು ಹಿಡಿಸುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ.

ಕಂಪನಿಗಳ ಮಾತು ಈಗ ಆಡಬಹುದು. ಜರ್ಮನಿಯ ಲೈಟ್ಸ್ ಕಂಪನಿಯ ಫೋಕೋಮ್ಯಾಟ್ 1ಸಿ ತಾನಾಗಿಯೇ ಫೋಕಸ್ ಹಿಡಿದುಕೊಳ್ಳುವ ಸೊಗಸಾದ ಯಂತ್ರ, ಆದರೆ 35 ಎಂಎಂಗೆ ಮಾತ್ರ. ಇಟಲಿಯ ಬ್ರಿಕ್ಸೆನ್ ಊರಿನಲ್ಲಿ 1936ರಲ್ಲಿ ಹುಟ್ಟಿದ ಡರ್ಸ್ಟ್ ಕಂಪನಿಯ ಎಂ 605, 6×6ರವರೆಗೆ ಹಿಡಿಸುತ್ತದೆ. ನಮ್ಮ ಡಬ್ಬಗಳಿಗೆ ಹೇಳಿ ಮಾಡಿಸಿದಂತಿದೆ. ಚೆಕ್ ದೇಶದ ಮೆಯೋಪ್ಟಾದ ಓಪೆಮಸ್ ಕೂಡ 6×6ಕ್ಕೆ, ಅದರ ಅಣ್ಣ ಮ್ಯಾಗ್ನಿಫ್ಯಾಕ್ಸ್ 6×9ಕ್ಕೆ. ಅಮೆರಿಕದ ಬೆಸೆಲರ್ 23ಸಿ ಕೂಡ 6×9 ಹಿಡಿಸುವ ಗಟ್ಟಿ ಯಂತ್ರ. ಒಮೆಗಾ ಡಿ2 ತರಹದ 4×5 ಇಂಚಿನ ಯಂತ್ರಗಳು ಭಾರ, ಎತ್ತರ. ಚೀಟಿಯಲ್ಲಿ 4×5 ಎಂದು ಬರೆದಿದ್ದರೆ ಮಾತ್ರ ಅವುಗಳ ಹತ್ತಿರ ಹೋಗಿ.

ಈ ಹೆಸರುಗಳಿಗಿಂತ ಕೈಗೆ ಸಿಕ್ಕ ಆ ಒಂದು ಯಂತ್ರ ಹೇಗಿದೆ ಎಂಬುದು ದೊಡ್ಡದು. ಹೆಡ್ಡನ್ನು ಕಂಬದ ತುದಿಗೇರಿಸಿ ಬೆರಳಿನಿಂದ ತಟ್ಟಿ ನೋಡಿ. ಅಲುಗಾಟ ಥಟ್ಟನೆ ನಿಲ್ಲಬೇಕು. ಬೆಳಕಿಗೆ ಪೂರ್ತಿ ಕಪ್ಪಾದ ಒಂದು ಫಿಲ್ಮ್ ತುಂಡಿನ ನಾಲ್ಕು ಮೂಲೆಯಲ್ಲೂ ಸೂಜಿಯಿಂದ ಗುಣಿಸು ಗುರುತು ಗೀರಿ, ಅದನ್ನು ಕ್ಯಾರಿಯರ್‌ನಲ್ಲಿಟ್ಟು ಲೆನ್ಸನ್ನು ಪೂರ್ತಿ ತೆರೆದು ಬೇಸ್‌ಬೋರ್ಡ್ ಮೇಲೆ ಬಿಡಿ. ಒಂದು ಮೂಲೆಯ ಗುರುತು ಚೂಪಾಗಿ, ಎದುರಿನದು ಮಸುಕಾಗಿ ಕಂಡರೆ ಹೆಡ್ ವಾಲಿದೆ ಎಂದೇ ಅರ್ಥ. ಸರಿಪಡಿಸಲು ತಿರುಪು ಇದೆಯೇ ಕೇಳಿ. ಪ್ರತಿ ಅಳತೆಗೂ ನೆಗೆಟಿವ್ ಕ್ಯಾರಿಯರ್ ಇದೆಯೇ ಎಣಿಸಿ. ಕಂಡೆನ್ಸರ್ ಯಂತ್ರವಾದರೆ 35 ಎಂಎಂಗೆ ಒಂದು, 6×6ಕ್ಕೆ ಒಂದು ಜೋಡಿ ಗಾಜು ಬೇಕಾಗಬಹುದು, ಅವೂ ಬೇಕು. ಚೌಕ ನೆಗೆಟಿವ್ ದೊಡ್ಡದಾದ್ದರಿಂದ ಬಲ್ಬಿನ ಶಾಖಕ್ಕೆ ನಡುವೆ ಉಬ್ಬಿ ಫೋಕಸ್ ತಪ್ಪುತ್ತದೆ; ಗಾಜಿನ ಕ್ಯಾರಿಯರ್ ಅದನ್ನು ಒತ್ತಿ ಹಿಡಿಯುತ್ತದೆ. ಮಾಮೂಲಿ ಗಾಜಾದರೆ ಮಳೆಗಾಲದ ತೇವಕ್ಕೆ ಬಳೆಬಳೆಯಾಗಿ ನ್ಯೂಟನ್ ರಿಂಗ್ ಮೂಡುತ್ತದೆ, ಮೇಲಿನ ಗಾಜು ಆಂಟಿ-ನ್ಯೂಟನ್ ಆಗಿರಲಿ.

ನಮ್ಮೂರಿನವರಿಗೇ ಸಂಬಂಧಿಸಿದ ಎರಡು ಮಾತು. ಸಂಜೆ ಹೊತ್ತು ಕರೆಂಟು ಇಳಿಯುವುದು ಇಲ್ಲಿ ಎಲ್ಲರಿಗೂ ಗೊತ್ತು. ಸಾಮಾನ್ಯ ಬಲ್ಬಿಗೆ ವೋಲ್ಟೇಜ್ ಹತ್ತು ಪರ್ಸೆಂಟ್ ಇಳಿದರೆ ಬೆಳಕು ಸುಮಾರು ಮೂವತ್ತು ಪರ್ಸೆಂಟ್ ಇಳಿಯುತ್ತದೆ. ಜೊತೆಗೆ ಬೆಳಕು ಕೆಂಪಗಾಗಿ ಮಲ್ಟಿಗ್ರೇಡ್ ಕಾಗದದ ಕಾಂಟ್ರಾಸ್ಟೂ ಬದಲಾಗುತ್ತದೆ. ಟೆಸ್ಟ್ ಸ್ಟ್ರಿಪ್‌ನಲ್ಲಿ ಸರಿ ಬಂದ ಸೆಕೆಂಡುಗಳು ಪ್ರಿಂಟಿನಲ್ಲಿ ತಪ್ಪುವುದು ಇದರಿಂದ. ಟೈಮರ್ ಕೊಳ್ಳುವ ಮೊದಲು ಒಳ್ಳೆಯ ಸ್ಟೆಬಿಲೈಸರ್ ಕೊಳ್ಳಿ. ಎರಡನೆಯದು ಅದುರು. ರೈಲು ಹಳಿಯ ಹತ್ತಿರ, ಲಾರಿ ಓಡುವ ರಸ್ತೆಯ ಹತ್ತಿರ ಮನೆಯಿದ್ದರೆ ಮರದ ಮೇಜು ಬೇಡ. ಇಟ್ಟಿಗೆ ಕಟ್ಟಿ ಮೇಲೆ ಕಡಪಾ ಕಲ್ಲಿನ ಚಪ್ಪಡಿ ಹಾಸಿ ಅದರ ಮೇಲೆ ಯಂತ್ರ ಕೂರಿಸಿ.

ಈ ಕಸುಬಿನ ಗೌರವ ಕರ್ನಾಟಕಕ್ಕೆ ಹೊಸದಲ್ಲ. ಸಂಡೂರಿನ ಎಂ.ವೈ. ಘೋರ್ಪಡೆ ಕಾಡಿನ ಪ್ರಾಣಿಗಳನ್ನು ಕಪ್ಪುಬಿಳುಪಿನಲ್ಲಿ ತೋರಿಸಿ ಜಗತ್ತಿನ ಮೆಚ್ಚುಗೆ ಪಡೆದರು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಮೈಸೂರಿನ ಟಿ.ಎಸ್. ಸತ್ಯನ್ ಫೋಟೋಗ್ರಾಫರ್‌ಗಳಾಗಿ ಬೆಳೆದದ್ದೂ ಫಿಲ್ಮಿನ ಕಾಲದಲ್ಲೇ. ಪಕ್ಕದ ಊಟಿಯಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ 1967ರಿಂದ ‘ಇಂದು’ ಹೆಸರಿನ ಫಿಲ್ಮು, ಕಾಗದ ತಯಾರಿಸುತ್ತಿತ್ತು. ಡಬ್ಬಗಳಲ್ಲಿ ‘ಇಂದು’ ಬ್ರೋಮೈಡ್ ಕಾಗದದ ಕವರ್‌ಗಳು ಈಗಲೂ ಸಿಗುತ್ತವೆ. ನೆಗೆಟಿವ್ ಇಡಲು ಮನೆಯವರು ಬಳಸಿಕೊಂಡಿರುತ್ತಾರೆ. ಅವುಗಳಿಂದ ನೆಗೆಟಿವ್ ತೆಗೆದು ಶುದ್ಧ ಕಾಗದದ ಲಕೋಟೆಗೆ ಹಾಕಿ.

ಹಾಫ್ ಪ್ಲೇಟ್‌ಗೆ ಬರೋಣ. ಅದನ್ನು ಹಿಡಿಸುವ ಎನ್‌ಲಾರ್ಜರ್ ಹುಡುಕುತ್ತ ದುಡ್ಡು ಸುರಿಯಬೇಡಿ. ಆ ಕಾಲದಲ್ಲೂ ಅವುಗಳನ್ನು ಹೆಚ್ಚಾಗಿ ಕಾಂಟ್ಯಾಕ್ಟ್ ಪ್ರಿಂಟೇ ಮಾಡುತ್ತಿದ್ದರು. ನಿಮ್ಮ 6×6 ಯಂತ್ರದ ಕ್ಯಾರಿಯರ್ ಖಾಲಿ ಇಟ್ಟು ಹೆಡ್ ಮೇಲೇರಿಸಿ. ಬೇಸ್‌ಬೋರ್ಡ್ ಮೇಲೆ ಒಂದಡಿ ಅಗಲಕ್ಕೆ ಸಮನಾದ ಬೆಳಕು ಬೀಳಲಿ. ಲೆನ್ಸನ್ನು ಎಫ್ 8ಕ್ಕೆ ಮುಚ್ಚಿ. ಸೇಫ್‌ಲೈಟಿನಲ್ಲಿ ಕಾಗದವನ್ನು ಹೊಳಪು ಮೇಲಾಗಿ ಇಟ್ಟು, ಪ್ಲೇಟಿನ ಎಮಲ್ಷನ್ ಬದಿ ಕಾಗದಕ್ಕೆ ತಾಗುವಂತೆ ಮೇಲಿಟ್ಟು, ಐದು ಸೆಕೆಂಡಿನಿಂದ ಟೆಸ್ಟ್ ಶುರುಮಾಡಿ. ಗಾಜು ಬಿರುಕು ಬಿಟ್ಟಿದ್ದರೆ ಅದನ್ನು ಒತ್ತಬೇಡಿ. ಕೆಳಗೆ ಇನ್ನೊಂದು ಗಟ್ಟಿ ಗಾಜು ಕೊಟ್ಟು, ಇದ್ದ ಹಾಗೆಯೇ ಎರಡೂ ಕೈಯಿಂದ ಎತ್ತಿ ಸರಿಸಿ.