ಲೀಟರ್ ಉಳಿದರೆ ದುಡ್ಡು ಉಳಿಯಿತೇ?

ಹುಬ್ಬಳ್ಳಿಯಲ್ಲಿ ಬಂಗಡೆಯ ದರ ಏರಿದಾಗ ನಾವು ಬೈಯುವುದು ಅರಬೈಲ್ ಘಟ್ಟ ಹತ್ತಿ ಬರುವ ಗಾಡಿಯ ಬಾಡಿಗೆಯನ್ನು. ಅದಕ್ಕೂ ಮೊದಲು ಕಡಲಲ್ಲಿ ಸುಟ್ಟ ಎಣ್ಣೆ ನಮ್ಮ ಲೆಕ್ಕಕ್ಕೇ ಬರುವುದಿಲ್ಲ. ನಾಡದೋಣಿಯ ಸೀಮೆಎಣ್ಣೆ ಇಂಜಿನ್ ತೆಗೆದು ಪೆಟ್ರೋಲ್ ಅಥವಾ ಡೀಸೆಲ್ ಇಂಜಿನ್ ಕೂರಿಸಲು ತಲಾ 50 ಸಾವಿರ ರೂಪಾಯಿ ಸಹಾಯಧನವನ್ನು ರಾಜ್ಯ ಸರ್ಕಾರ 2023ರ ಜುಲೈ ಬಜೆಟ್‌ನಲ್ಲಿ ಘೋಷಿಸಿತು. ಉದ್ದೇಶ ಒಳ್ಳೆಯದೇ. ಆದರೆ ಎರಡೂ ಇಂಜಿನ್‌ಗಳನ್ನು ಒಂದೇ ತಕ್ಕಡಿಯಲ್ಲಿಟ್ಟದ್ದು ಸರಿಯಲ್ಲ.

ಬರೀ ಲೀಟರ್ ಲೆಕ್ಕ ಹಿಡಿದರೆ ದೋಣಿಯ ಒಳಗೇ ಕೂರಿಸುವ ಡೀಸೆಲ್ ಇಂಜಿನ್‌ಗೆ, ಅಂದರೆ ಇನ್‌ಬೋರ್ಡ್‌ಗೆ, ಎದುರಿಲ್ಲ. ಲೀಟರ್ ಡೀಸೆಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಶೇ 10ರಷ್ಟು ಹೆಚ್ಚು ಶಕ್ತಿಯಿದೆ. ಗೇರ್‌ಬಾಕ್ಸ್ ವೇಗ ಇಳಿಸಿ ನೀರೊಳಗಿನ ದೊಡ್ಡ ಫ್ಯಾನನ್ನು ನಿಧಾನವಾಗಿ ತಿರುಗಿಸುತ್ತದೆ. ದಿನವಿಡೀ ಬಲೆ ಎಳೆಯುವ ಟ್ರಾಲ್ ಬೋಟಿಗೆ ಬೇಕಾದದ್ದೇ ಅದು. ನಾಡದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಹಳೆಯ ಟೂ-ಸ್ಟ್ರೋಕ್ ಔಟ್‌ಬೋರ್ಡ್‌ನಲ್ಲಾದರೋ ಹೊಸ ಇಂಧನ ಒಳಬರುವಾಗ ಹೊಗೆ ಹೋಗುವ ಕಿಂಡಿಯೂ ತೆರೆದಿರುತ್ತದೆ. ಕಾಲು ಭಾಗದವರೆಗೂ ಎಣ್ಣೆ ಸುಡದೆಯೇ ಹೊರಬೀಳುತ್ತದೆ. ಪೆಟ್ರೋಲ್‌ನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಈ ಇಂಜಿನ್ ಇಷ್ಟು ಕಾಲ ಬಾಳಿದ್ದು ಸಬ್ಸಿಡಿಯ ಬಲದಿಂದ, ಮೈಲೇಜಿನಿಂದಲ್ಲ.

ಹಾಗಂತ ನಾಡದೋಣಿಗೂ ಇನ್‌ಬೋರ್ಡ್ ಹಾಕಿಸಿ ಎನ್ನುವವರು ದೋಣಿಯನ್ನು ಮರಳ ಮೇಲೆ ಎಳೆಯುವುದನ್ನು ಕಂಡವರಲ್ಲ. ಅಲೆ ಒಡೆಯುವ ಜಾಗದಲ್ಲಿ ಇಂಜಿನ್ ಮೇಲೆತ್ತಲೇಬೇಕು, ಇಲ್ಲದಿದ್ದರೆ ಫ್ಯಾನ್ ಮರಳಿಗೆ ಬಡಿಯುತ್ತದೆ. 10 ಎಚ್‌ಪಿ ಔಟ್‌ಬೋರ್ಡ್ 40 ಕೆ.ಜಿ. ಆಸುಪಾಸು ತೂಗುತ್ತದೆ; ಕೆಟ್ಟರೆ ಇಬ್ಬರು ಕಳಚಿ ಮೆಕ್ಯಾನಿಕ್ ಹತ್ತಿರ ಹೊತ್ತೊಯ್ಯಬಹುದು. ಇನ್‌ಬೋರ್ಡ್ ಮಾತ್ರ ದೋಣಿಯೊಳಗೇ ಕೂತು ಬಲೆ, ಮೀನಿನ ಜಾಗ ಕಸಿಯುತ್ತದೆ. ದಿನಕ್ಕೆ ಎರಡು-ಮೂರು ತಾಸಷ್ಟೇ ಓಡುವ ದೋಣಿಯಲ್ಲಿ ಅದಕ್ಕೆ ಸುರಿದ ದುಡ್ಡು ಹುಟ್ಟುವುದು ಯಾವಾಗ?

ದಡಕ್ಕೆ ಎಳೆಯುವ ದೋಣಿಗೆ ಫೋರ್-ಸ್ಟ್ರೋಕ್ ಪೆಟ್ರೋಲ್ ಔಟ್‌ಬೋರ್ಡ್, ಬಂದರಿನಲ್ಲಿ ನಿಲ್ಲುವ ಬೋಟಿಗೆ ಡೀಸೆಲ್ ಇನ್‌ಬೋರ್ಡ್: ನನ್ನ ಮಟ್ಟಿಗೆ ತೀರ್ಪು ಇಷ್ಟೇ. ಇಂಜಿನ್ ಯಾವುದೇ ಇರಲಿ, ವೇಗ ಶೇ 10ರಷ್ಟು ತಗ್ಗಿಸಿದರೆ ಬೇಕಾಗುವ ಶಕ್ತಿ ಕಾಲು ಭಾಗದಷ್ಟು ಇಳಿಯುತ್ತದೆ. ಅದಕ್ಕೆ ಯಾವ ಸಹಾಯಧನವೂ ಬೇಡ. ಆದರೆ ಸಬ್ಸಿಡಿ ಸೀಮೆಎಣ್ಣೆ ಬಿಟ್ಟು ಬಂಕ್ ದರದ ಪೆಟ್ರೋಲ್ ಸುಡಬೇಕಾದವನಿಗೆ ಲೀಟರ್ ಉಳಿದರೂ ದುಡ್ಡು ಉಳಿಯದು. ಯಾಂತ್ರೀಕೃತ ಬೋಟುಗಳ ಡೀಸೆಲ್‌ಗೆ ಕೊಡುವ ತೆರಿಗೆ ವಿನಾಯಿತಿಯನ್ನು ನಾಡದೋಣಿಯ ಪೆಟ್ರೋಲ್‌ಗೂ ಸರ್ಕಾರ ಕೊಡಲಿ.