ಎರಡು ಬಾರಿ ಹೊರಬಂದ ತಂದೆ

ಒಂದು ಕಥೆ ಬೇರೆ ಬೇರೆ ಕಲೆಗಳಿಗೆ ದಾಟುವಾಗ ಏನನ್ನು ಕಳೆದುಕೊಳ್ಳುತ್ತದೆ, ಏನನ್ನು ಪಡೆಯುತ್ತದೆ? ದುಂದುಗಾರ ಮಗನ ಸಾಮತಿಯ ವಿಷಯದಲ್ಲಿ ಇದು ಕೇವಲ ಸೌಂದರ್ಯಮೀಮಾಂಸೆಯ ಪ್ರಶ್ನೆಯಲ್ಲ. ನಾವು ಎಂತಹ ದೇವರನ್ನು ಸಾರುತ್ತೇವೆ ಎಂಬ ಪ್ರಶ್ನೆಯೂ ಹೌದು.

ಲೂಕನ ಶುಭಸಂದೇಶದಲ್ಲಿ ಈ ಕಥನದ ತಿರುವುಗಳೆರಡೂ ತಂದೆಯ ನಡೆಯಲ್ಲಿವೆ. ಕಿರಿಯ ಮಗ ಇನ್ನೂ ದೂರದಲ್ಲಿರುವಾಗಲೇ ತಂದೆ ಓಡುತ್ತಾನೆ (15:20). ಹಿರಿಯ ಮಗ ಒಳಬರಲು ಒಪ್ಪದಿದ್ದಾಗ ಮತ್ತೆ ಹೊರಬಂದು ಬೇಡಿಕೊಳ್ಳುತ್ತಾನೆ (15:28). ಹಿರಿಯನು ಕೊನೆಗೆ ಒಳಹೊಕ್ಕನೇ ಎಂಬುದನ್ನು ಲೂಕ ಹೇಳುವುದೇ ಇಲ್ಲ.

ರೆಂಬ್ರಾಂಟ್ 1636ರಲ್ಲಿ ರಚಿಸಿದ ಎಚಿಂಗ್ ಚಿತ್ರದಲ್ಲಿ ತಂದೆ ಮುಂದಕ್ಕೆ ಬಾಗಿ ಮಗನನ್ನು ಹಿಡಿದಿದ್ದಾನೆ. ಓಟದ ಆವೇಗ ಇನ್ನೂ ಆರಿಲ್ಲ. ಹರ್ಮಿಟೇಜ್ ಸಂಗ್ರಹಾಲಯದಲ್ಲಿರುವ, ಸುಮಾರು 1668ರ ತೈಲಚಿತ್ರದಲ್ಲಾದರೋ ಎಲ್ಲವೂ ನಿಶ್ಚಲ. ಮಂಡಿಯೂರಿದ ಮಗನ ಬೆನ್ನ ಮೇಲೆ ತಂದೆಯ ಕೈಗಳು ನೆಲೆನಿಂತಿವೆ. ಬಲಗಡೆ ನಿಂತು ನೋಡುತ್ತಿರುವವನನ್ನು ಹಲವರು ಹಿರಿಯ ಮಗನೆಂದು ಗುರುತಿಸುತ್ತಾರೆ. ಹಾಗಿದ್ದಲ್ಲಿ ಚಿತ್ರಕಾರ ಕಥೆಯ ಕಾಲಕ್ರಮವನ್ನು ಮುರಿದಿದ್ದಾನೆ, ಏಕೆಂದರೆ ಲೂಕನಲ್ಲಿ ಆ ಹೊತ್ತಿಗೆ ಹಿರಿಯನು ಹೊಲದಲ್ಲಿದ್ದಾನೆ. ಆದರೂ ಈ ಭಂಗ ಸಾರ್ಥಕವಾದುದು. ಕಥೆ ಒಂದಾದ ಮೇಲೊಂದರಂತೆ ಹೇಳಿದ್ದನ್ನು ಚಿತ್ರ ಏಕಕಾಲದಲ್ಲಿ ನಮ್ಮೆದುರು ಇರಿಸುತ್ತದೆ. ಹಿರಿಯನಿಗೂ ಆ ಆಲಿಂಗನಕ್ಕೂ ನಡುವಿನ ಕತ್ತಲು ಲೂಕ ಉತ್ತರಿಸದೆ ಬಿಟ್ಟ ಪ್ರಶ್ನೆಯನ್ನು ಹಾಗೆಯೇ ಉಳಿಸಿಕೊಳ್ಳುತ್ತದೆ.

1929ರಲ್ಲಿ ಪ್ಯಾರಿಸ್ಸಿನಲ್ಲಿ ರಂಗಕ್ಕೆ ಬಂದ ಬ್ಯಾಲೆಗೆ ಪ್ರೊಕೊಫಿಯೆವ್ ಸಂಗೀತ, ಬಾಲಂಚೀನ್ ನೃತ್ಯಸಂಯೋಜನೆ, ರುವೊ ರಂಗವಿನ್ಯಾಸ ನೀಡಿದರು. ನೃತ್ಯವು ಚಲನೆಯ ಕಲೆ. ತಂದೆಯ ಓಟವನ್ನು ಇಲ್ಲಿಯಾದರೂ ಕಾಣಬಹುದೆಂದು ನಿರೀಕ್ಷಿಸುತ್ತೇವೆ. ಆದರೆ ತಂದೆ ನಿಂತಲ್ಲೇ ನಿಂತಿರುತ್ತಾನೆ. ಮಗನೇ ಮಂಡಿಗಳ ಮೇಲೆ ತೆವಳಿಕೊಂಡು ಬಂದು ಅವನ ತೋಳುಗಳನ್ನು ಸೇರುತ್ತಾನೆ. ಪಶ್ಚಾತ್ತಾಪದ ಚಿತ್ರಣವಾಗಿ ಇದು ಮನಕಲಕುವಂಥದು. ಕೃಪೆಯ ಕಥನವಾಗಿ ಮಾತ್ರ ಅಪೂರ್ಣ: ಮೊದಲ ಹೆಜ್ಜೆಯಿಡುವ ದೇವರು ಇಲ್ಲಿ ಕಾಣುವುದಿಲ್ಲ. ಹಿರಿಯ ಮಗನ ಪಾತ್ರವೂ ಇಲ್ಲದ್ದರಿಂದ, ಲೂಕ ತೆರೆದಿಟ್ಟ ಕಥೆ ಆಲಿಂಗನದಲ್ಲೇ ಮುಚ್ಚಿಹೋಗುತ್ತದೆ.

ಬ್ಯಾಲೆಯನ್ನು ದೂಷಿಸುವ ಮೊದಲು ನಮ್ಮ ಪ್ರಬೋಧನೆಗಳನ್ನು ಪರಾಮರ್ಶಿಸಿಕೊಳ್ಳುವುದು ಲೇಸು. ತಪಸ್ಸು ಕಾಲದ 4ನೆಯ ಭಾನುವಾರ, ಸಿ ವರ್ಷದಲ್ಲಿ, ಈ ವಾಚನ ಬಂದಾಗ ನಾನೂ ಎಷ್ಟೋ ಬಾರಿ ಔತಣದ ಸಂಭ್ರಮದಲ್ಲೇ ಮಾತು ಮುಗಿಸಿದ್ದೇನೆ. ಯೇಸು ಈ ಸಾಮತಿಯನ್ನು ಹೇಳಿದ್ದು ಪಾಪಿಗಳ ಸಹವಾಸವನ್ನು ಕಂಡು ಗೊಣಗಿದ ಧರ್ಮನಿಷ್ಠರಿಗೆ (15:2). ದೇವರ ಮನೆಯಲ್ಲೇ ದುಡಿಯುತ್ತ ಬಂದ ಯಾಜಕರೂ ಗುರುಮಠದ ವಿದ್ಯಾರ್ಥಿಗಳೂ ಆ ಹಿರಿಯ ಮಗನಿಂದ ಬಹಳ ದೂರದವರಲ್ಲ. ತಂದೆ ನಮಗಾಗಿಯೂ ಹೊರಬಂದಿದ್ದಾನೆ. ಪ್ರಬೋಧಕನು ಕಥೆಯನ್ನು ಆ ಬಾಗಿಲಿನವರೆಗೆ ಕೊಂಡೊಯ್ದು ನಿಲ್ಲಿಸಬೇಕು. ಒಳಹೋಗುವ ಹೆಜ್ಜೆಯನ್ನು ಮೊದಲು ತಾನೇ ಇಡಬೇಕು.